ದಪ್ಪವಾಗದ ಹಂದಿ

ನಮ್ಮ ಸಾನ್ ಇಸ್ತೆಬಾನಿನಲ್ಲಿ ಒಂದು ಸುದ್ದಿ ಊರಿಗೆಲ್ಲ ಮುಟ್ಟಬೇಕಾದರೆ ಡಂಗುರ ಹೊಡೆಸಬೇಕಾಗಿಲ್ಲ. ಶಾಲೆಯ ಕ್ಯಾಂಟೀನಿನಲ್ಲಿ ಎಲ್ಲರೂ ಮನಾಂಗ್, ಎಂದರೆ ಅಕ್ಕ, ಎಂದು ಕರೆಯುವ ಬೆಬಾಂಗಳ ಹತ್ತಿರ ಹೋಗಿ "ಯಾರಿಗೂ ಹೇಳ್ಬೇಡಿ" ಎಂದು ಮಾತು ಶುರು ಮಾಡಿದರೆ ಸಾಕು. ಮ್ಯಾಮ್ ದೆಲಿಸ್ ಇಪ್ಪತ್ತು ವರ್ಷಕ್ಕೂ ಮೀರಿ ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು, ಬೆಬಾಂಗಳ ಪಕ್ಕದ ಮನೆಯವಳು ಬೇರೆ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಡಿಸೆಂಬರಿನ ಒಂದು ಮಧ್ಯಾಹ್ನ, ಹೊಟ್ಟೆಯಲ್ಲಿಟ್ಟುಕೊಂಡ ಮಾತು ಅನ್ನವನ್ನು ಒಳಗೆ ಬಿಡದಿದ್ದಾಗ, ಹೇಳಿಯೇಬಿಟ್ಟಳು.

"ಮನಾಂಗ್, ಯಾರಿಗೂ ಹೇಳ್ಬೇಡಿ. ಬ್ಯಾಂಕಾಕಲ್ಲಿ ಒಂದು ಇಂಟರ್‌ನ್ಯಾಷನಲ್ ಸ್ಕೂಲಿನವರು ನನ್ನನ್ನ ಕೆಲಸಕ್ಕೆ ಕರ್ದಿದಾರೆ. ನಾನಿನ್ನೂ ಹೂಂ ಅಂದಿಲ್ಲ."

"ಅಯ್ಯೋ, ನಾನ್ಯಾಕೆ ಹೇಳ್ಲಿ ಮ್ಯಾಮ್" ಎಂದಳು ಬೆಬಾಂಗ್, ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಏಪ್ರನ್ ಬಿಚ್ಚುತ್ತ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿಯ ಟ್ರೈಸಿಕಲ್ ಚಾಲಕ ದೆಲಿಸಳನ್ನು ತಡೆದು ನಿಲ್ಲಿಸಿದ. "ಮ್ಯಾಮ್, ಅಲ್ಲಿ ಹುಣಸೆಹಣ್ಣೂ ಸಿಹಿಯಂತೆ. ಬರುವಾಗ ಒಂದು ಡಬ್ಬಿ." ಔಷಧಿ ಅಂಗಡಿಯವಳಿಗೆ ಮುಖ ಬೆಳ್ಳಗಾಗುವ ಸೋಪು ಬೇಕಾಗಿತ್ತು. ಮೀನು ಮಾರುವ ಮುದುಕಿ ಬ್ಯಾಂಕಾಕಿನಲ್ಲಿರುವ ತನ್ನ ಮೊಮ್ಮಗಳಿಗೆ ಒಂದು ಗಂಟು ಒಣಮೀನು ತಲುಪಿಸಬೇಕೆಂದಳು. ಎಲ್ಲರೂ ಕೊನೆಗೆ ಕೇಳಿದ್ದು ಮಾತ್ರ ಒಂದೇ ಪ್ರಶ್ನೆ: ದೆಸ್ಪೆದಿದಾ ಯಾವಾಗ? ನಮ್ಮಲ್ಲಿ ಊರು ಬಿಟ್ಟು ಹೋಗುವವರು ಊರಿಗೆ ಬೀಳ್ಕೊಡುಗೆಯ ಊಟ ಹಾಕಿಯೇ ಹೋಗಬೇಕು, ಆ ಊಟದ ನಡುಮೇಜಿನಲ್ಲಿ ಕೆಂಡದ ಮೇಲೆ ಸುಟ್ಟ ಇಡೀ ಹಂದಿ, ಲೆಚೋನ್, ಮಲಗಿರಲೇಬೇಕು. ಹೋಗುವವಳು ಹೂಂ ಎಂದಿದ್ದಾಳೋ ಇಲ್ಲವೋ ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ.

ಫ್ಲೋರ್ದೆಲಿಸ್ ತಬಾರೆಸ್ ಎಂಬುದು ಅವಳ ಪೂರ್ತಿ ಹೆಸರು. ನಾಲ್ಕನೇ ತರಗತಿಗೆ ವಿಜ್ಞಾನ ಹೇಳುವುದು ಅವಳ ಕೆಲಸ ಎಂದು ಸರ್ಕಾರ ತಿಳಿದುಕೊಂಡಿದೆ. ನಿಜವಾಗಿ ಶಾಲೆಯ ತರಕಾರಿ ತೋಟ ಅವಳ ಉಸ್ತುವಾರಿ, ಮಕ್ಕಳ ಗಂಜಿ ಅವಳದು, ಹಲ್ಲಿನ ತಪಾಸಣೆ ಅವಳದು, ಡೆಂಗಿ ಸೊಳ್ಳೆ ಅವಳದು, ಚಂಡಮಾರುತವೂ ಅವಳದೇ. ಮೇಲಧಿಕಾರಿಗಳು ಬಂದರೆ ಮಕ್ಕಳಿಗೆ ಕುಣಿತ ಕಲಿಸುವವಳೂ ಅವಳೇ. ಮುಖ್ಯೋಪಾಧ್ಯಾಯಿನಿ ಮಿಸೆಸ್ ತಿಬುದಾನ್ ಹೊಸ ಸುತ್ತೋಲೆ ಬಂದ ಕೂಡಲೇ ಅದನ್ನು ಓದುವ ಗೋಜಿಗೆ ಹೋಗದೆ "ದೆಲಿಸ್ ಇದ್ದಾರಲ್ಲ" ಎನ್ನುತ್ತಿದ್ದರು. ಇಷ್ಟೆಲ್ಲ ಹೊತ್ತರೂ ಸ್ಟಾಫ್ ರೂಮಿನ ಒಂದೇ ಫ್ಯಾನು ಅವಳ ಕಡೆ ತಿರುಗಿದ್ದನ್ನು ಕಂಡವರಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ದೇವರು ಅವಳಿಗೆ ಮಕ್ಕಳನ್ನು ಕೊಟ್ಟಿರಲಿಲ್ಲ. ಆ ಬಾಕಿಯನ್ನು ಶಾಲೆ ತೀರಿಸಿತ್ತು, ಒಂದು ಕೋಣೆಗೆ ಐವತ್ತರಂತೆ.

ಬ್ಯಾಂಕಾಕಿನ ಶಾಲೆಗೆ ಅರ್ಜಿ ಹಾಕಿದ್ದು ಅವಳಲ್ಲ, ನಗರದಲ್ಲಿರುವ ಅವಳ ತಂಗಿಯ ಮಗಳು. ಹುಡುಗಾಟಕ್ಕೆ ಹಾಕಿದ್ದು. ಸಂದರ್ಶನ ಫೋನಿನ ಪರದೆಯ ಮೇಲೆ ನಡೆಯಿತು. "ಪಾಠಕ್ಕೆ ಬೇಕಾದ ಸಾಮಾನು ಕಡಿಮೆ ಬಿದ್ದರೆ ಏನು ಮಾಡುತ್ತೀರಿ?" ಎಂದು ಅಲ್ಲಿಯ ಬಿಳಿ ಹೆಂಗಸೊಬ್ಬಳು ಕೇಳಿದಾಗ ದೆಲಿಸಳಿಗೆ ನಗು ಬಂತು. ತಡೆದಷ್ಟೂ ಬಂತು, ಕಣ್ಣಲ್ಲಿ ನೀರು ಬರುವವರೆಗೂ ಬಂತು. ಒತ್ತಡದಲ್ಲೂ ನಗುವ ಸ್ವಭಾವ ಎಂದು ಅವರು ಗುರುತು ಹಾಕಿಕೊಂಡರು. "ತರಗತಿಗೆ ಹದಿನೆಂಟು ಮಕ್ಕಳಿರುತ್ತಾರೆ, ನಿಭಾಯಿಸಬಲ್ಲಿರಾ?" ಎಂದಾಗ ದೆಲಿಸ್ ಗಾಬರಿಯಿಂದ "ಉಳಿದವರಿಗೆ ಏನಾಯಿತು?" ಎಂದು ಕೇಳಿದಳು. ಅದನ್ನೂ ತಮಾಷೆ ಎಂದು ತಿಳಿದು ಅವರೆಲ್ಲ ನಕ್ಕರು. ಹೀಗೆ ಬೆಪ್ಪಾಗಿ ಕೂತಲ್ಲೇ ಅವಳಿಗೆ ಕೆಲಸ ಸಿಕ್ಕಿಬಿಟ್ಟಿತು. ಎರಡು ವರ್ಷದ ಕರಾರು, ಒಬ್ಬರಿಗೆ ಸಾಲುವಷ್ಟು ಕೋಣೆ, ಇಲ್ಲಿಯ ಸಂಬಳ ನಾಚುವಂಥ ಸಂಬಳ.

ಸಂಬಳದ ಮಾತು ಹಾಗಿರಲಿ. ಅವಳ ಮನಸ್ಸು ಕೆಡಿಸಿದ್ದು ಅವರು ತೋರಿಸಿದ ಪ್ರಯೋಗಾಲಯ. ಅಲ್ಲಿ ಸಾಲಾಗಿ ಸೂಕ್ಷ್ಮದರ್ಶಕಗಳಿದ್ದವು, ಮಗುವಿಗೊಂದರಂತೆ. ದೆಲಿಸ್ ಇಷ್ಟು ವರ್ಷವೂ ಕಪ್ಪು ಹಲಗೆಯ ಮೇಲೆ ಅಮೀಬಾ ಬರೆದವಳು. ಸೀಮೆಸುಣ್ಣ ಹೋದ ಕಡೆ ಅದರ ಕಾಲು ಹೋಗುತ್ತಿತ್ತು. ಜೀವಂತ ಅಮೀಬಾವನ್ನು ಅವಳು ತನ್ನ ಕಣ್ಣಿಂದ ಒಮ್ಮೆಯೂ ನೋಡಿರಲಿಲ್ಲ.

ಇನ್ನು ಅವಳ ಗಂಡ. ನೆಮೆಸ್ಯೊ, ಎಲ್ಲರ ಬಾಯಲ್ಲಿ ಮೆಸ್ಯೊ. ನಮ್ಮ ಸೀಮೆಗೆಲ್ಲ ಹೆಸರುವಾಸಿಯಾದ ಲೆಚೋನ್ ಸುಡುವವನು. ಹಂದಿಯ ಹೊಟ್ಟೆಗೆ ಮಜ್ಜಿಗೆಹುಲ್ಲು, ಬೆಳ್ಳುಳ್ಳಿ, ಈರುಳ್ಳಿಸೊಪ್ಪು ತುಂಬಿ, ಹೊಲಿದು, ಬಿದಿರಿಗೆ ಪೋಣಿಸಿ, ಕೆಂಡದ ಮೇಲೆ ಗಂಟೆಗಟ್ಟಲೆ ತಿರುಗಿಸುತ್ತ ಕೂರುವುದು ಅವನ ಕಸುಬು. ನಮ್ಮೂರಿಂದ ದುಬೈಗೆ ಹೋದ ದಾದಿಯರು, ಹಡಗು ಹತ್ತಿದ ಗಂಡಸರು, ಹಾಂಗ್‌ಕಾಂಗಿನ ಮನೆಗೆಲಸಕ್ಕೆ ಹೋದ ಹೆಂಗಸರು, ಎಲ್ಲರೂ ಮೆಸ್ಯೊ ಸುಟ್ಟ ಹಂದಿ ತಿಂದೇ ಹೋದವರು. ಆದರೆ ಬೀಳ್ಕೊಡುಗೆಯ ಮೇಜಿನಲ್ಲಿ ಮೆಸ್ಯೊ ಒಂದು ತುತ್ತೂ ತಿನ್ನುತ್ತಿರಲಿಲ್ಲ. ಕತ್ತಿ ಹಿಡಿದು ಹಂದಿಯ ಹಿಂದೆ ನಿಂತು ಕಡಿದು ಬಡಿಸುತ್ತಿದ್ದ, ಅಷ್ಟೆ. ಯಾಕೆಂದು ಕೇಳಿದರೆ "ಅದು ಗಂಟಲಲ್ಲಿ ಇಳಿಯಲ್ಲ" ಎಂದು ಬಾಯಿ ಮುಚ್ಚುತ್ತಿದ್ದ.

ದೆಲಿಸ್ ಕೆಲಸದ ವಿಷಯ ಹೇಳಿದಾಗ ಅವನು ಕತ್ತಿ ಮಸೆಯುತ್ತಿದ್ದ. ಮಸೆಯುವುದು ನಿಲ್ಲಿಸಲಿಲ್ಲ.

"ನೀನೇನಂತೀಯ?"

"ನಿನ್ನಿಷ್ಟ, ಲಂಗ್ಗಾ."

ಲಂಗ್ಗಾ ಎಂದರೆ ಮುದ್ದಿನ ಕರೆ. ಮುನಿದಿದ್ದರೆ ಅವನು ಹೆಂಡತಿಯನ್ನು ಮ್ಯಾಮ್ ಎನ್ನುತ್ತಾನೆ. ಮಾರನೆಯ ದಿನ ಅದೇ ಪ್ರಶ್ನೆಗೆ "ನಿಮ್ಮಿಷ್ಟ, ಮ್ಯಾಮ್" ಎಂದ. ಅದರ ಮಾರನೆಯ ದಿನ ಮತ್ತೆ ಲಂಗ್ಗಾ. ನಮ್ಮ ಇಲೊಂಗ್ಗೊ ಜನದ ಮಾತಿಗೆ ಒಂದು ಶಾಪವಿದೆ: ಬೈದರೂ ಜೋಗುಳ ಹಾಡಿದ ಹಾಗೇ ಕೇಳಿಸುತ್ತದೆ. ಆ ರಾಗದಲ್ಲಿ ಹೋಗು ಎನ್ನುವುದಿದೆಯೋ ಬೇಡ ಎನ್ನುವುದಿದೆಯೋ ತಿಳಿಯಲು ದೆಲಿಸಳಿಗೆ ದಾರಿಯೇ ಇರಲಿಲ್ಲ.

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದರಲ್ಲಿ ಇಬ್ಬರೂ ಒಂದೇ ಗರಡಿಯವರು ಎಂಬುದನ್ನೂ ಹೇಳಬೇಕು. ದೆಲಿಸಳಿಗೆ ಹೋಗಬೇಕೆಂದಿತ್ತು. ಮೆಸ್ಯೊನನ್ನು ಬಿಟ್ಟು ಹೋಗಬಾರದೆಂದೂ ಇತ್ತು. ಅವನೇ "ಬೇಡ" ಎಂದುಬಿಟ್ಟರೆ ಉಳಿಯಬಹುದು, ಸಾಯುವವರೆಗೆ ಅವನನ್ನು ಹಂಗಿಸಲು ಒಂದು ಮಾತೂ ಸಿಗುತ್ತದೆ. ಅವನೇ "ಹೋಗು" ಎಂದುಬಿಟ್ಟರೆ ಹೋಗಬಹುದು, "ನನ್ನನ್ನ ಸಾಗಹಾಕಿದೆ" ಎಂದು ಫೋನಿನಲ್ಲಿ ದಿನವೂ ಅಳಬಹುದು. ಎರಡೂ ಲಾಭವೇ. ಮೆಸ್ಯೊ ಇಷ್ಟು ವರ್ಷ ಅವಳ ಜೊತೆ ಬಾಳಿದವನು, ಈ ಲೆಕ್ಕ ಅವನಿಗೂ ಗೊತ್ತು. ಅದಕ್ಕೇ ಬಾಯಿಗೆ ಬೀಗ.

ವಾರದೊಳಗೆ ಅವನು ಒಂದು ಹಂದಿಮರಿಯನ್ನು ಮನೆಗೆ ತಂದ. ಊರಿನವರ ಹಂದಿ ಸುಡುತ್ತಿದ್ದನೇ ಹೊರತು ಮನೆಯಲ್ಲಿ ಎಂದೂ ಸಾಕಿದವನಲ್ಲ.

"ಏನಿದು?"

"ಹಂದಿ."

"ಅದು ಕಾಣುತ್ತೆ. ಯಾರಿಗೆ ಅಂತ ಕೇಳ್ದೆ."

"ಸದ್ಯಕ್ಕೆ ಅದು ಅದಕ್ಕೇ."

ದೆಲಿಸ್ ತಕ್ಷಣ ಲೆಕ್ಕ ಹಾಕಿದಳು. ಇದು ತನ್ನ ದೆಸ್ಪೆದಿದಾದ ಹಂದಿ, ಸಂಶಯವೇ ಇಲ್ಲ. ಇದು ದಪ್ಪವಾದ ದಿನ ತಾನು ಹೊರಡುವ ದಿನ. ಗಂಡ ತನ್ನನ್ನು ಕಳಿಸಲು ತುದಿಗಾಲಲ್ಲಿ ನಿಂತಿದ್ದಾನೆ, ಬಾಯಲ್ಲಿ ಮಾತ್ರ ನಿನ್ನಿಷ್ಟ. ಅವಳು ಆ ಸಂಜೆ ಸಾರಿಗೆ ಉಪ್ಪನ್ನು ಎರಡು ಸಲ ಹಾಕಿದಳು. ಮೆಸ್ಯೊ ಸದ್ದಿಲ್ಲದೆ ತಿಂದ.

ಹಂದಿಗೆ ತೌಡು, ಗೆಣಸಿನ ಸೊಪ್ಪು, ಮನೆಯ ಕಲಗಚ್ಚು ಸೇರಿಸಿ ಹೊತ್ತಿಗೊಂದು ಬಕೆಟ್. ಬೆಳಗಿನ ಬಕೆಟ್ ದೆಲಿಸಳದು, ಏಕೆಂದರೆ ಮೆಸ್ಯೊ ನಸುಕಿನಲ್ಲೇ ಕೆಂಡ ಹೊತ್ತಿಸಲು ಹೋಗುತ್ತಿದ್ದ. ಸಂಜೆಯದು ಮೆಸ್ಯೊನದು, ಏಕೆಂದರೆ ಆಗ ದೆಲಿಸ್ ಮಕ್ಕಳ ಪುಸ್ತಕ ತಿದ್ದುತ್ತ ಕೂರುತ್ತಿದ್ದಳು. ಮೊದಲ ಬೆಳಿಗ್ಗೆಯೇ ದೆಲಿಸ್ ಆಚೀಚೆ ನೋಡಿ ಅರ್ಧ ಬಕೆಟ್ಟನ್ನು ಬೇಲಿಯಾಚೆ ಬೆಬಾಂಗಳ ಹಂದಿಯ ತೊಟ್ಟಿಗೆ ಸುರಿದಳು. ಸುರಿಯುತ್ತಿದ್ದಂತೆ ಅಲ್ಲೇ ಬೆಬಾಂಗ್ ನಿಂತಿದ್ದಳು.

"ಮನಾಂಗ್, ಯಾರಿಗೂ ಹೇಳ್ಬೇಡಿ."

"ಅಯ್ಯೋ, ನಾನ್ಯಾಕೆ ಹೇಳ್ಲಿ ಮ್ಯಾಮ್."

ಈ ಸಲ ಬೆಬಾಂಗ್ ಹೇಳಲಿಲ್ಲ. ಅವಳ ಜೀವಮಾನದಲ್ಲಿ ಹೊಟ್ಟೆಯೊಳಗೆ ಉಳಿದ ಗುಟ್ಟು ಇದೊಂದೇ ಇರಬೇಕು. ಯಾಕೆ ಉಳಿಯಿತೆಂದು ಆಮೇಲೆ ತಿಳಿಯುತ್ತದೆ.

ಇತ್ತ ಶಾಲೆಯಲ್ಲಿ ಬೇರೆಯೇ ಗಾಳಿ ಬೀಸತೊಡಗಿತ್ತು. ಮಿಸೆಸ್ ತಿಬುದಾನ್ ಒಂದು ಬೆಳಿಗ್ಗೆ ತಾವೇ ಸ್ಟಾಫ್ ರೂಮಿಗೆ ಬಂದು ಫ್ಯಾನನ್ನು ದೆಲಿಸಳ ಕಡೆ ತಿರುಗಿಸಿದರು.

"ಸೆಖೆ ಅಲ್ವಾ ದೆಲಿಸ್. ನೋಡಿ, ಸೊಳ್ಳೆ ಕೆಲಸ ಇನ್ಮೇಲೆ ಸರ್ ತೊಲೆಂತಿನೊ ನೋಡ್ಕೊಳ್ತಾರೆ."

"ಹಲ್ಲಿನದು, ಮ್ಯಾಮ್?"

"ಅದನ್ನೂ ಅವರಿಗೇ ಹೇಳೋಣ."

"ಚಂಡಮಾರುತಾನೂ ನನಗೆ ಸ್ವಲ್ಪ ಭಾರ ಆಗ್ತಿದೆ ಮ್ಯಾಮ್. ಬ್ಯಾಂಕಾಕಿನವರಿಗೆ ಏನು ಉತ್ತರ ಬರೀಲಿ ಅಂತ ಕೂತು ಯೋಚನೆ ಮಾಡೋಕೂ ಬಿಡುವಿಲ್ಲ."

ಸರ್ ತೊಲೆಂತಿನೊ ಚಂಡಮಾರುತವನ್ನೂ ಹೊತ್ತರು. ಪಾಪದ ಮನುಷ್ಯ, ಅವರಿಗೆ ನಿವೃತ್ತಿಗೆ ಎರಡೇ ವರ್ಷವಿತ್ತು.

ಕೆಲಸ ಇರುವುದಕ್ಕಿಂತ ಕೆಲಸದ ಕರೆ ಇರುವುದು ಎಷ್ಟು ಸುಖ ಎಂಬುದು ದೆಲಿಸಳಿಗೆ ಆಗ ಗೊತ್ತಾಯಿತು. ಅವಳು ಆ ಕರೆಯನ್ನು ಒಳ್ಳೆಯ ಕಬ್ಬಿನ ಜಲ್ಲೆಯ ಹಾಗೆ ಅಗಿದಳು. ಬ್ಯಾಂಕಾಕಿನವರು ಉತ್ತರ ಕೇಳಿದಾಗ ಮೊದಲು ಕ್ರಿಸ್‌ಮಸ್ ಎಂದಳು. ಮತ್ತೆ ಕೇಳಿದಾಗ ಮನೆಯ ಹಿರಿಯರನ್ನು ವಿಚಾರಿಸಬೇಕು ಎಂದಳು. ಹಿರಿಯರೆಲ್ಲ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಆದರೆ ವಿಚಾರಿಸಬಾರದೆಂದೇನೂ ಇಲ್ಲ. ಅವಳು ಭಾನುವಾರ ಸ್ಮಶಾನಕ್ಕೆ ಹೋಗಿ ಅತ್ತೆಯ ಸಮಾಧಿಗೆ ಮೇಣದ ಬತ್ತಿ ಹಚ್ಚಿ ಕೇಳಿಯೂ ಬಂದಳು. ಅತ್ತೆ ಬದುಕಿದ್ದಾಗಲೂ ಎಲ್ಲದಕ್ಕೂ ನಿನ್ನಿಷ್ಟ ಎನ್ನುತ್ತಿದ್ದ ಹೆಂಗಸು. ಮಗನಿಗೆ ಆ ರೋಗ ಬಂದದ್ದೇ ಅಲ್ಲಿಂದ.

ಮೆಸ್ಯೊನಿಗೂ ಚುಚ್ಚುವವರಿಗೆ ಕಡಿಮೆ ಇರಲಿಲ್ಲ. ಕೆಂಡದ ಸುತ್ತ ಕೂತ ಗೆಳೆಯರು ಕೇಳಿದರು: "ನೀನೂ ಹೋಗ್ತೀಯೇನೋ ಮೆಸ್ಯೊ? ಅಲ್ಲಿ ಏನ್ ಸುಡ್ತೀಯ?"

"ಆನೆ" ಎಂದ ಮೆಸ್ಯೊ. "ಬಿದಿರು ಸ್ವಲ್ಪ ಉದ್ದ ಬೇಕಾಗುತ್ತೆ, ಅಷ್ಟೆ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅಂದು ಒಂದು ಕಡೆಯ ತೊಗಲು ಕರಿಯಾಯಿತು. ಮೆಸ್ಯೊನ ಕೈಯಲ್ಲಿ ಹಂದಿ ಕರಿಯಾದದ್ದು ಅದೇ ಮೊದಲು.

ಜನವರಿ ಕಳೆಯಿತು. ಹಂದಿ ಮಾತ್ರ ದಪ್ಪವಾಗಲಿಲ್ಲ. ಉದ್ದವಾಯಿತು, ಎತ್ತರವಾಯಿತು, ಓಡಾಡಿದರೆ ಪಕ್ಕೆಲುಬು ಲೆಕ್ಕಕ್ಕೆ ಸಿಗುತ್ತಿತ್ತು. ಬೇಲಿಯಾಚೆ ಬೆಬಾಂಗಳ ಹಂದಿ ಮಾತ್ರ ಕಣ್ಣು ಮುಚ್ಚಿಹೋಗುವಷ್ಟು ಕೊಬ್ಬಿ, ಎದ್ದು ನಿಲ್ಲಲೂ ಸೋಮಾರಿತನ ಮಾಡುತ್ತಿತ್ತು. ದೆಲಿಸಳಿಗೆ ಒಳಗೊಳಗೇ ಬೆರಗು. ತಾನು ಕದಿಯುವುದು ಬೆಳಗಿನ ಅರ್ಧ ಬಕೆಟ್ ಮಾತ್ರ. ಅಷ್ಟಕ್ಕೇ ಹಂದಿ ಇಷ್ಟು ಸೊರಗುತ್ತದೆಯೇ?

"ಹುಳ ಆಗಿರ್ಬೇಕು" ಎಂದಳು, ಗಂಡನ ಮುಖ ನೋಡದೆ.

"ಹುಳಾನೇ" ಎಂದ ಮೆಸ್ಯೊ, ಹೆಂಡತಿಯ ಮುಖ ನೋಡದೆ.

ಇಬ್ಬರೂ ಬೇರೆಬೇರೆಯಾಗಿ ಹೋಗಿ ಹುಳದ ಔಷಧಿ ತಂದರು. ಹಂದಿ ಎರಡನ್ನೂ ಕುಡಿದು ಇನ್ನಷ್ಟು ಬಳಲಿತು.

ಒಂದು ಸಂಜೆ ಇಬ್ಬರೂ ಅಂಗಳದ ಬಿದಿರ ಬೆಂಚಿನ ಮೇಲೆ ಕೂತಿದ್ದರು. ಮೆಸ್ಯೊನ ಅಂಗಿಯಿಂದ ಹೊಗೆ ಮತ್ತು ಮಜ್ಜಿಗೆಹುಲ್ಲಿನ ವಾಸನೆ ಬರುತ್ತಿತ್ತು. ಒಗೆದರೂ ಹೋಗದ ಆ ವಾಸನೆಗೆ ಮದುವೆಯಾದ ಹೊಸದರಲ್ಲಿ ದೆಲಿಸ್ ಮೂಗು ಮುರಿಯುತ್ತಿದ್ದಳು. ಈಗ ಅದಿಲ್ಲದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಬ್ಬರಿಗೆ ಸಾಲುವ ಆ ಕೋಣೆಯಲ್ಲಿ ಸೋಪಿನ ವಾಸನೆ ಬಿಟ್ಟು ಬೇರೇನಿದ್ದೀತು ಎಂದು ನೆನೆದು ಅವಳಿಗೆ ಅಳು ಬಂದ ಹಾಗಾಯಿತು.

"ನಾನು ಹೋದ್ರೆ ನೀನು ಏನು ತಿಂತೀಯ?" ಎಂದಳು.

"ಹಂದಿ."

"ಬಟ್ಟೆ ಯಾರು ಒಗೀತಾರೆ?"

"ಮಳೆ."

"ಮೆಸ್ಯೊ, ಒಂದು ಸಲ ನೆಟ್ಟಗೆ ಮಾತಾಡು. ಹೋಗ್ಲಾ, ಬೇಡ್ವಾ?"

ಮೆಸ್ಯೊ ಸಮುದ್ರದ ಕಡೆ ತಿರುಗಿದ. ಈಗ ಬಂತು ಎಂದುಕೊಂಡಳು ದೆಲಿಸ್.

"ಆ ಅಮೀಬಾ" ಎಂದ ಅವನು, "ಎಷ್ಟು ದೊಡ್ಡದಿರುತ್ತೆ?"

"ಕಣ್ಣಿಗೇ ಕಾಣಲ್ಲ."

"ಕಣ್ಣಿಗೇ ಕಾಣದ್ದಕ್ಕೆ ಇಷ್ಟೊಂದು ರಾದ್ಧಾಂತ" ಎಂದು ಎದ್ದು ಹಂದಿಗೆ ಬಕೆಟ್ ಹಿಡಿದು ಹೋದ. ದೆಲಿಸ್ ಒಳಗೆ ಹೋಗಿ ಬಾಗಿಲು ಬಡಿದುಕೊಂಡಳು.

ಬ್ಯಾಂಕಾಕಿನವರ ತಾಳ್ಮೆಗೂ ಒಂದು ಕೊನೆಯಿತ್ತು. ಫೆಬ್ರವರಿಯಲ್ಲಿ ಅವರಿಂದ ಸಂದೇಶ ಬಂತು: ಗುರುವಾರ ಮಧ್ಯಾಹ್ನ ನಾವೇ ಫೋನ್ ಮಾಡುತ್ತೇವೆ, ಹೂಂ ಅಥವಾ ಊಹೂಂ, ಎರಡರಲ್ಲೊಂದು ಹೇಳಿ. ಆ ಗುರುವಾರ ಊರು ಹುಟ್ಟಿದ ದಿನದ ರಜೆ, ದೆಲಿಸಳೂ ಹುಟ್ಟಿದ ದಿನ. ಹುಟ್ಟುಹಬ್ಬಕ್ಕೆ ಉದ್ದನೆಯ ಪನ್ಸಿತ್ ಶಾವಿಗೆ ಮಾಡಿ ನಾಲ್ಕು ಜನಕ್ಕೆ ಬಡಿಸಿದರಾಯಿತು ಎಂದು ಅವಳು ಎಣಿಸಿದ್ದಳು. ಮೆಸ್ಯೊನಿಗೆ ಫೋನಿನ ವಿಷಯ ಹೇಳಿದಳು. ಅವನು ಈ ಸಲ ನಿನ್ನಿಷ್ಟ ಎಂದೂ ಅನ್ನಲಿಲ್ಲ. ಗುರುವಾರ ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಹಿತ್ತಲಿನ ಗೂಡು ಖಾಲಿಯಾಗಿತ್ತು, ಅಂಗಳದಲ್ಲಿ ಕೆಂಡ ಉರಿಯುತ್ತಿತ್ತು.

"ಶಾವಿಗೆ ಸಾಕಿತ್ತಲ್ಲ" ಎಂದಳು ಸಣ್ಣ ದನಿಯಲ್ಲಿ.

"ಅದು ಇನ್ನು ದಪ್ಪ ಆಗೋ ಲಕ್ಷಣ ಕಾಣಲಿಲ್ಲ" ಎಂದ ಮೆಸ್ಯೊ, ಬಿದಿರು ತಿರುಗಿಸುತ್ತ. "ಇಟ್ಕೊಂಡು ಏನ್ಮಾಡೋದು."

ಹಂದಿ ಸುಡುವ ವಾಸನೆ ಬಂದ ಮೇಲೆ ನಮ್ಮೂರಲ್ಲಿ ಯಾರನ್ನೂ ಕರೆಯಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತ್ತು. ಉದ್ದನೆಯ ಮೇಜಿನ ತಲೆಯಲ್ಲಿ ಮಿಸೆಸ್ ತಿಬುದಾನ್, ಅವರ ಪಕ್ಕ ಸುಸ್ತಾದ ಮುಖದ ಸರ್ ತೊಲೆಂತಿನೊ, ಆಮೇಲೆ ಹುಣಸೆಹಣ್ಣಿನವನು, ಸೋಪಿನವಳು, ಒಣಮೀನಿನ ಮುದುಕಿ. ಬೆಬಾಂಗ್ ಮೊದಲೇ ಬಂದು ಗರಿಗರಿ ತೊಗಲು ಕೈಗೆಟಕುವ ಕಡೆ ಕೂತಿದ್ದಳು. ನಡುವೆ ಬಾಳೆಲೆ ಹಾಸಿದ ಬಿದಿರ ತಟ್ಟಿಯ ಮೇಲೆ ಲೆಚೋನ್, ಅದರ ತಲೆ ಮಿಸೆಸ್ ತಿಬುದಾನರ ಕಡೆ. ದೊಡ್ಡವರ ಕಡೆ ತಲೆ ಇಡುವುದು ಮರ್ಯಾದೆ.

"ತೆಳ್ಳಗಿದೆ" ಎಂದರು ಮಿಸೆಸ್ ತಿಬುದಾನ್.

"ಹುಳ ಆಗಿತ್ತು ಮ್ಯಾಮ್" ಎಂದರು ಗಂಡಹೆಂಡತಿ ಒಟ್ಟಿಗೇ.

ಊಟ ಅರ್ಧಕ್ಕೆ ಬಂದಿತ್ತು. ಆಗ ದೆಲಿಸಳ ಫೋನು ಹೊಡೆದುಕೊಂಡಿತು. ನಮ್ಮ ಓಣಿಯಲ್ಲಿ ಫೋನು ಹೊಡೆದುಕೊಳ್ಳುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ. ಮಾತು ಬೇಕಾದರೆ ಸಮುದ್ರದ ತಡೆಗೋಡೆಯವರೆಗೆ ಹೋಗಿ ನಿಲ್ಲಬೇಕು. ದೆಲಿಸ್ ಕೈ ತೊಳೆದು ಎದ್ದು ನಿಂತಳು.

ಊಟದ ನಡುವೆ ಯಾರಾದರೂ ದೂರದ ದಾರಿಗೆ ಎದ್ದರೆ ಉಳಿದವರು ತಮ್ಮ ತಟ್ಟೆಯನ್ನು ತಿರುಗಿಸಬೇಕು. ಹೋದವರು ಕ್ಷೇಮವಾಗಿ ಮುಟ್ಟಲೆಂದು, ಕ್ಷೇಮವಾಗಿ ಮರಳಲೆಂದು. ಗ್ರಹಣ ಬರೀ ನೆರಳು ಎಂದು ಪಾಠ ಹೇಳುವ ದೆಲಿಸ್ ಕೂಡ ಮೆಸ್ಯೊ ನಸುಕಿನಲ್ಲಿ ಕಾಫಿ ಬಿಟ್ಟು ದೂರದ ಊರಿಗೆ ಹೊರಟರೆ ಯಾರೂ ನೋಡದ ಹಾಗೆ ತನ್ನ ತಟ್ಟೆ ತಿರುಗಿಸುವವಳೇ. ಆದರೆ ತಡೆಗೋಡೆಗೆ ಹೋಗುವುದೇನು ದೂರದ ದಾರಿಯೇ? ಕೂಗಿದರೆ ಕೇಳುವಷ್ಟು ಹತ್ತಿರ. ಅದಕ್ಕೆ ಯಾರೂ ತಟ್ಟೆ ತಿರುಗಿಸುವುದಿಲ್ಲ.

ಮೊದಲು ತಿರುಗಿದ್ದು ಮುದುಕಿಯ ತಟ್ಟೆ. ಆಮೇಲೆ ಹುಣಸೆಹಣ್ಣಿನವನದು. ಆಮೇಲೆ ಮೇಜಿನುದ್ದಕ್ಕೂ ತಟ್ಟೆ ಹಲಗೆಗೆ ಉಜ್ಜುವ ಸದ್ದು. ಸರ್ ತೊಲೆಂತಿನೊ ನಿಟ್ಟುಸಿರು ಬಿಟ್ಟು ತಿರುಗಿಸಿದರು. ಮಿಸೆಸ್ ತಿಬುದಾನ್ ಸುತ್ತಲೂ ನೋಡಿ, ತುಟಿ ಕಚ್ಚಿ, ಕೊನೆಗೆ ತಾವೂ ತಿರುಗಿಸಿದರು. ದೆಲಿಸಳ ಕೈಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಊರೆಲ್ಲ ತನ್ನನ್ನು ಕಳಿಸಿಕೊಟ್ಟಾಯಿತು ಎಂದು ಅವಳಿಗೆ ಅನ್ನಿಸಿತು. ಅವಳು ನೋಡಿದ್ದು ಮೆಸ್ಯೊನನ್ನು.

ಮೆಸ್ಯೊ ಹಂದಿಯ ಹಿಂದೆ ಕತ್ತಿ ಹಿಡಿದು ನಿಂತಿದ್ದ. ಅವನ ಮುಂದೆ ತಟ್ಟೆ ಇರಲಿಲ್ಲ. ಎಂದೂ ಇರುತ್ತಿರಲಿಲ್ಲವಲ್ಲ.

ಅವನು ಕತ್ತಿಯನ್ನು ಕೆಳಗಿಟ್ಟ. ಕೈಯನ್ನು ಅಂಗಿಗೆ ಒರೆಸಿಕೊಂಡ. ಲೆಚೋನಿನ ಬಿದಿರ ತಟ್ಟಿಯನ್ನು ಎರಡೂ ಕೈಯಿಂದ ಹಿಡಿದ. ಲೆಚೋನಿನ ತಟ್ಟಿ ಎತ್ತಲು ಯಾವಾಗಲೂ ಇಬ್ಬರು ಗಂಡಸರು ಬೇಕು. ಯಾರೋ ಸಹಾಯಕ್ಕೆ ಏಳುವಷ್ಟರಲ್ಲಿ ಮೆಸ್ಯೊ ಒಬ್ಬನೇ ಅದನ್ನು ಎತ್ತಿ ತಿರುಗಿಸತೊಡಗಿದ. ಹಂದಿಯ ತಲೆ ಮಿಸೆಸ್ ತಿಬುದಾನರನ್ನು ಬಿಟ್ಟು, ಸರ್ ತೊಲೆಂತಿನೊರನ್ನು ದಾಟಿ, ಮೇಜಿನುದ್ದಕ್ಕೂ ಎಲ್ಲರಿಗೂ ಮುಖ ತೋರಿಸುತ್ತ ಹೋಯಿತು. ಸರಿಯಾಗಿ ಅರ್ಧ ಸುತ್ತಿಗೆ ಅವನು ಅದನ್ನು ಕೆಳಗಿಳಿಸಿ ನಿಲ್ಲಿಸಿದ. ಈಗ ಮಿಸೆಸ್ ತಿಬುದಾನರ ಮುಂದೆ ಇದ್ದದ್ದು ಬಾಲ.

ಬೆಬಾಂಗಳಿಗೆ ಇನ್ನು ತಡೆಯಲಾಗಲಿಲ್ಲ. ಎರಡು ತಿಂಗಳು ತಡೆದಿಟ್ಟದ್ದು ಒಮ್ಮೆಗೇ ಹೊರಗೆ ಬಂತು.

"ಒಬ್ನೇ ಎತ್ತಿದಾನೆ ಅಂತ ನೋಡ್ತೀರೇನು? ಎತ್ತದೆ ಏನು, ಮೈಯಲ್ಲಿ ಮಾಂಸ ಇದ್ರೆ ತಾನೆ. ಬೆಳಿಗ್ಗೆ ಅರ್ಧ ಬಕೆಟ್ ಮ್ಯಾಮ್ ತಂದು ನನ್ನ ಹಂದಿಗೆ ಸುರೀತಿದ್ರು, ಸಂಜೆ ಅರ್ಧ ಬಕೆಟ್ ಇವ್ನು ತಂದು ಸುರೀತಿದ್ದ. ಯಾರಿಗೂ ಹೇಳ್ಬೇಡಿ ಮನಾಂಗ್ ಅಂತ ಇಬ್ರೂ. ನಾನ್ಯಾಕೆ ಹೇಳ್ಲಿ, ನನ್ನ ಹಂದಿ ಬೇಡ ಅಂತಿತ್ತೇ?"

ಇಬ್ಬರ ಕಳ್ಳಾಟ ಮೂರನೆಯವರ ಹಂದಿಗೆ ಲಾಭ ಎಂದು ಯಾರೋ ನಕ್ಕರು. ದೆಲಿಸಳಿಗೆ ನಗು ಬರಲಿಲ್ಲ. ಅವಳು ಮೆಸ್ಯೊನ ಮುಖವನ್ನೇ ನೋಡಿದಳು. ಅಂದರೆ ಈ ಮನುಷ್ಯನೂ ಆ ದಿನ ಬರದಿರಲಿ ಎಂದು ದಿನಾ ಸಂಜೆ ಬೇಲಿಯ ಹತ್ತಿರ ಕಳ್ಳನ ಹಾಗೆ ನಿಂತಿದ್ದ. ಸುಡುವುದು ಬಿಟ್ಟು ಬೇರೆ ವಿದ್ಯೆ ಗೊತ್ತಿಲ್ಲದವನು, ತಾನು ಸುಡಬೇಕಾದ ಹಂದಿಯನ್ನು ಉಪವಾಸ ಕೆಡವಿದ್ದ. ಕಳಿಸಲು ತುದಿಗಾಲಲ್ಲಿ ನಿಂತಿದ್ದಾನೆ ಎಂದು ತಾನು ತಿಳಿದದ್ದು ಇವನನ್ನೇ. ಅವಳಿಗೆ ಅವನ ಮೇಲೆ ಬಂದ ಪ್ರೀತಿಗೂ ಸಿಟ್ಟಿಗೂ ಲೆಕ್ಕವಿರಲಿಲ್ಲ.

"ಹಾಗಿದ್ರೆ ಇವತ್ತು ಯಾಕೆ ಕಡಿದೆ?" ಎಂದಳು.

"ಕಣ್ಣಿಗೆ ಕಾಣದ್ದನ್ನ ಇಷ್ಟು ವರ್ಷ ಹಲಗೆ ಮೇಲೆ ಬರೀತಿದ್ದೀಯ. ಒಂದ್ಸಲ ನೋಡ್ಕೊಂಡು ಬಾ" ಎಂದ ಮೆಸ್ಯೊ. "ಫೋನ್ ಹೊಡ್ಕೊಳ್ತಿದೆ, ಲಂಗ್ಗಾ."

ದೆಲಿಸ್ ತಡೆಗೋಡೆಯತ್ತ ನಡೆದಳು. ಅಷ್ಟರಲ್ಲಿ ಫೋನು ನಿಂತುಹೋಗಿತ್ತು. ಅವಳೇ ಮರಳಿ ಮಾಡಿದಳು. ಆ ಕಡೆಯ ಬಿಳಿ ಹೆಂಗಸು ನಮಸ್ಕಾರ ಹೇಳುವ ಮೊದಲೇ ದೆಲಿಸ್ "ನಿಮ್ಮ ಶಾಲೆಗೆ ಮೊದಲ ರಜೆ ಯಾವಾಗ?" ಎಂದು ಕೇಳಿದಳು. ಅವರು ಹೇಳಿದರು. ಎಷ್ಟು ದಿನವೆಂದೂ ಕೇಳಿದಳು. ಅದನ್ನೂ ಹೇಳಿದರು. ಆಮೇಲೆ ಹೂಂ ಎಂದಳು. ಕೆಲಸ ಶುರುವಾಗುವ ಮೊದಲೇ ರಜೆ ಕೇಳಿದ ಈ ಟೀಚರ್ ಬಗ್ಗೆ ಅವರು ಏನೆಂದು ಗುರುತು ಹಾಕಿಕೊಂಡರೋ ಗೊತ್ತಿಲ್ಲ.

ಅವಳು ಮರಳುವವರೆಗೆ ಯಾರೂ ಲೆಚೋನನ್ನು ಮುಟ್ಟಿರಲಿಲ್ಲ. ಬಾಲ ಮಿಸೆಸ್ ತಿಬುದಾನರ ಮುಂದೆಯೇ ಇತ್ತು, ತಲೆ ದೆಲಿಸ್ ಕೂರುವ ಕುರ್ಚಿಯ ಕಡೆ. ಅವಳ ಮುಖ ನೋಡಿಯೇ ಎಲ್ಲರಿಗೂ ಉತ್ತರ ತಿಳಿಯಿತು.

"ತಟ್ಟೆ ತಿರುಗಿಸಿದ್ರೆ ಪೂರ್ತಿ ಸುತ್ತು ತಿರುಗಿಸ್ಬೇಕು ಮೆಸ್ಯೊ" ಎಂದರು ಮಿಸೆಸ್ ತಿಬುದಾನ್, ಬಾಲವನ್ನು ನೋಡಲಾಗದೆ. "ಅರ್ಧಕ್ಕೆ ನಿಲ್ಸಿದೀಯಲ್ಲ."

"ಇನ್ನರ್ಧ ಅವಳು ವಾಪಸ್ ಬಂದಾಗ, ಮ್ಯಾಮ್."

"ಅಲ್ಲೀವರೆಗೂ ಈ ಹಂದಿ ಇರುತ್ತಾ?" ಎಂದಳು ದೆಲಿಸ್.

"ಇನ್ನೊಂದು ಸುಡ್ತೀನಿ" ಎಂದ ಮೆಸ್ಯೊ. "ತಲೆ ಯಾವ ಕಡೆ ನಿಂತಿತ್ತು ಅಂತ ನನಗೆ ನೆನಪಿರುತ್ತೆ."

ದೆಲಿಸ್ ಒಳಗೆ ಹೋಗಿ ಒಂದು ತಟ್ಟೆ ತಂದಳು. ಹಂದಿಯ ಒಂದು ಕಿವಿಯನ್ನು ತಾನೇ ಕೊಯ್ದು ಅದರಲ್ಲಿ ಹಾಕಿ ಗಂಡನ ಮುಂದಿಟ್ಟಳು. ಮೆಸ್ಯೊ ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತು ತಿನ್ನತೊಡಗಿದ.

"ಇಳೀತಿದೆಯಾ?" ಎಂದು ಕೇಳಿದಳು.

"ಇಲ್ಲ" ಎಂದ ಮೆಸ್ಯೊ, ಅಗಿಯುತ್ತಲೇ. "ನೀರು ಕೊಡು."